ಬಾಗಿಲ ಬಳಿಯ ಮೇಜು

ವರ್ನಾ ಹುದಾಕ್ ಇಪ್ಪತ್ತೆಂಟು ವರ್ಷದಿಂದ ಸೋಲುತ್ತಲೇ ಬಂದವಳು. ಅದನ್ನು ಮುಚ್ಚಿಟ್ಟವಳೂ ಅಲ್ಲ. ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರ ಚುನಾವಣೆ ಬಂತೆಂದರೆ ಸಾಕು, ಮಡಚುವ ಮೇಜೊಂದನ್ನು ಕಂಕುಳಲ್ಲಿ ಇರುಕಿಕೊಂಡು, ಕ್ಲಿಪ್ಪು ಹಾಕಿದ ರಟ್ಟು, ದಾರ ಕಟ್ಟಿದ ಪೆನ್ನು ಹಿಡಿದು ಮಾರ್ಲಿನ್ ಗ್ಯಾಪಿನ ಶನಿವಾರದ ಸಂತೆಗೆ ಬಂದು ಕೂರುತ್ತಿದ್ದಳು. ಪೆನ್ಸಿಲ್ವೇನಿಯದ ಕಲ್ಲಿದ್ದಲು ಬೆಟ್ಟಗಳ ನಡುವಿನ ನಮ್ಮ ಊರಿನಲ್ಲಿ ಗಣಿ ಮುಚ್ಚಿತು, ಕಾರ್ಖಾನೆ ಮುಚ್ಚಿತು, ಎರಡು ಚರ್ಚು ಮುಚ್ಚಿದವು. ವರ್ನಾಳ ಮೇಜು ಮಾತ್ರ ಮುಚ್ಚಲಿಲ್ಲ.

ಹದಿನೆಂಟನೇ ವಯಸ್ಸಿಗೆ ಅಂಗಿ ಕಾರ್ಖಾನೆ ಸೇರಿದವಳು ಇಪ್ಪತ್ತನಾಲ್ಕು ವರ್ಷ ಬರೀ ಕಾಲರ್ ಹೊಲಿದಳು. ಬೇರೆಯವರು ತೋಳು, ಬೇರೆಯವರು ಗುಂಡಿ, ಇವಳದು ಕಾಲರ್. ಒಂದು ದಿನ ಬೆಳಿಗ್ಗೆ ಹೋದರೆ ಹೊಲಿಗೆ ಯಂತ್ರಗಳನ್ನೆಲ್ಲ ಲಾರಿಗೆ ಹೇರುತ್ತಿದ್ದರು. ದೊಡ್ಡ ಪಕ್ಷಗಳಲ್ಲಿ ಒಂದರ ನಾಯಕ ಬಂದು ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡು ಹೋದ. ಇನ್ನೊಂದರವನು ಅಷ್ಟೂ ಮಾಡದೆ ಕಾಗದ ಬರೆದ. ಆವತ್ತೇ ವರ್ನಾ ಇನ್ನು ಇವರಿಬ್ಬರಿಗೂ ತನ್ನ ಓಟಿಲ್ಲ ಎಂದು ತೀರ್ಮಾನಿಸಿದಳು. ಗಣಿ, ಕರೆಂಟು, ಆಸ್ಪತ್ರೆ ಎಲ್ಲವೂ ಎಲ್ಲರದ್ದಾಗಬೇಕು ಎನ್ನುವ ದುಡಿಮೆ ಪಕ್ಷಕ್ಕೆ ಸೇರಿದಳು. ಗಂಡ ಸ್ಟ್ಯಾನ್ ನಗುತ್ತಿದ್ದ, ಆದರೂ ಕಾರಿನಲ್ಲಿ ಮೇಜು ಸಾಗಿಸಿ ಕೊಡುತ್ತಿದ್ದ. ಅವನು ಶ್ವಾಸಕೋಶದ ಕಾಯಿಲೆಯಲ್ಲಿ ತೀರಿಕೊಂಡು ಎಂಟು ವರ್ಷವಾಗಿತ್ತು. ಈಗ ಅವಳಿಗೆ ಎಪ್ಪತ್ತೊಂದು, ಸೊಂಟ ಕೆಟ್ಟಿತ್ತು, ಜಿಲ್ಲೆಯಲ್ಲಿ ಪಕ್ಷಕ್ಕೆ ಉಳಿದಿದ್ದ ಸದಸ್ಯರು ಹನ್ನೊಂದು ಮಂದಿ.

ಈ ದೇಶದಲ್ಲಿ ದೊಡ್ಡ ಪಕ್ಷಗಳೆರಡರ ಹೆಸರು ಮತಪತ್ರದ ಮೇಲೆ ತಾನಾಗಿ ಅಚ್ಚಾಗಿಬಿಡುತ್ತದೆ. ಉಳಿದವರು ಮೊದಲು ಬೀದಿಗಿಳಿದು ಸಹಿ ಬೇಡಬೇಕು. ನಮ್ಮ ರಾಜ್ಯದಲ್ಲಿ ಐದು ಸಾವಿರ ಮತದಾರರ ಸಹಿ ತಂದುಕೊಟ್ಟರೆ ಮಾತ್ರ ಅಧ್ಯಕ್ಷರ ಸಾಲಿನಲ್ಲಿ ಅವರ ಅಭ್ಯರ್ಥಿಗೊಂದು ಜಾಗ. ಅದೂ ಎಂಥ ಸಹಿ? ಮತದಾರರ ಪಟ್ಟಿಯಲ್ಲಿ ಮಾರ್ಗರೆಟ್ ಎಂದಿದ್ದು ಇಲ್ಲಿ ಮನೆಯಲ್ಲಿ ಕರೆಯುವ ಪೆಗ್ಗಿ ಎಂಬ ಹೆಸರು ಬರೆದರೆ ಹೊಡೆದುಹಾಕುತ್ತಾರೆ. ಗಂಡನ ವಿಳಾಸದ ಕೆಳಗೆ ಹೆಂಡತಿ ಎರಡು ಗೀಟೆಳೆದು 'ಅದೇ' ಎಂದು ಸೂಚಿಸಿದರೆ ಅದನ್ನೂ ಹೊಡೆದುಹಾಕುತ್ತಾರೆ. ಒಬ್ಬ ಮತದಾರ ಒಂದೇ ಪಕ್ಷದ ಕಾಗದಕ್ಕೆ ಸಹಿ ಹಾಕಬೇಕು. ಎರಡಕ್ಕೆ ಹಾಕಿದರೆ ಮೊದಲನೆಯದು ನಿಲ್ಲುತ್ತದೆ, ಎರಡನೆಯದು ಬಿದ್ದುಹೋಗುತ್ತದೆ.

ಸಂತೆಯಲ್ಲಿ ವರ್ನಾಳ ಪಕ್ಕದ ಮೇಜು ಡೇಲ್ ಸ್ಟಾಫರನದು. ಬೀಗ ರಿಪೇರಿಯವನು, ಅವಳಿಗಿಂತ ಆರು ವರ್ಷ ಚಿಕ್ಕವನು. ಅವನದು ಸ್ವೇಚ್ಛಾ ಪಕ್ಷ. ತೆರಿಗೆ ಬೇಡ, ಪರವಾನಗಿ ಬೇಡ, ಸರ್ಕಾರಿ ಶಾಲೆ ಬೇಡ, ರಸ್ತೆಗಳನ್ನೂ ಮಾರಿಬಿಡಬೇಕು ಎನ್ನುವವರು. ಅವಳು ಸರ್ಕಾರಕ್ಕೆ ಕೊಡಬೇಕೆಂದಿದ್ದನ್ನೆಲ್ಲ ಅವನು ಸರ್ಕಾರದಿಂದ ಕಿತ್ತುಕೊಳ್ಳಬೇಕೆನ್ನುತ್ತಿದ್ದ. ಇಬ್ಬರೂ ಒಪ್ಪುತ್ತಿದ್ದ ಸಂಗತಿ ಒಂದೇ, ಆ ದೊಡ್ಡ ಪಕ್ಷಗಳೆರಡೂ ಹಾಳಾಗಿ ಹೋಗಲಿ ಎಂಬುದು. ಅಷ್ಟರ ಮೇಲೆಯೇ ಇಪ್ಪತ್ತೆಂಟು ವರ್ಷದ ಸ್ನೇಹ ನಿಂತಿತ್ತು.

"ಕಾಮ್ರೇಡಮ್ಮ, ಇವತ್ತು ಯಾರ ಆಸ್ತಿ ಹಂಚೋದು?" ಎಂದು ಶುರುಮಾಡುತ್ತಿದ್ದ ಡೇಲ್.

"ನಿನ್ನ ಬೀಗದ ಅಂಗಡೀದು. ಊರೋರಿಗೆಲ್ಲ ಒಂದೊಂದು ಬೀಗ."

"ಬೀಗ ತಗೊಂಡು ಏನ್ ಮಾಡ್ತಾರೆ? ಒಳಗಿಡೋಕೆ ನೀವು ಏನೂ ಬಿಟ್ಟಿರಲ್ವಲ್ಲ."

"ಬಾಯಿ ಮುಚ್ಚು ದೊರೆ. ರಸ್ತೆ ಮಾರ್ಬೇಕು ಅಂತೀಯ, ನಿನ್ನ ಮನೆ ಮುಂದಿನ ಗುಂಡಿ ಮುಚ್ಸಿ ಅಂತ ಪುರಸಭೆಗೆ ಮೂರು ಅರ್ಜಿ ಬರ್ದೋನು ಯಾರು?"

"ನಾಲ್ಕು," ಎನ್ನುತ್ತಿದ್ದ ಡೇಲ್ ಒಂಚೂರೂ ನಾಚಿಕೆಯಿಲ್ಲದೆ. "ಮಾರೋವರೆಗೂ ಅವರದೇ ತಾನೇ ರಸ್ತೆ."

ಮಧ್ಯಾಹ್ನ ಅವಳು ತಂದ ಎಲೆಕೋಸಿನ ಸುರುಳಿ ಇಬ್ಬರಿಗೂ, ಅವನು ತಂದ ಪ್ರೆಟ್ಜೆಲ್ ಎಂಬ ಉಪ್ಪು ಬಿಸ್ಕತ್ತು ಇಬ್ಬರಿಗೂ. ಊರವರು ಬಂದರೆ ಇಬ್ಬರ ಕಾಗದಕ್ಕೂ ಸಹಿ ಹಾಕುತ್ತಿದ್ದರು. ಒಬ್ಬರಿಗೆ ಹಾಕಿ ಪಕ್ಕದಲ್ಲಿ ಕೂತ ಇನ್ನೊಬ್ಬರಿಗೆ ಇಲ್ಲವೆಂದು ಹೇಳಲು ನಮ್ಮ ಊರಿನವರಿಗೆ ಬಾಯಿ ಬರುವುದಿಲ್ಲ. ನಿಯಮ ಗೊತ್ತಿದ್ದೂ ವರ್ನಾ ಆಗಲಿ ಡೇಲ್ ಆಗಲಿ ತಡೆಯುತ್ತಿರಲಿಲ್ಲ. ತಡೆಯುವುದೇಕೆ? ಹಿಂದೆಲ್ಲ ಇಪ್ಪತ್ತು ಸಾವಿರಕ್ಕೂ ಮೇಲೆ ಸಹಿ ಬೇಕಿತ್ತು, ಇಬ್ಬರೂ ಅದರ ಅರ್ಧಕ್ಕೂ ಮುಟ್ಟುತ್ತಿರಲಿಲ್ಲ. ಯಾರದು ಮೊದಲು, ಯಾರದು ಎರಡನೆಯದು ಎಂದು ಯಾರು ನೋಡುತ್ತಾರೆ? ಗೆಲ್ಲುವ ಆಸೆಯೇ ಇಲ್ಲದವರು ಹೀಗೆ ಧಾರಾಳಿಗಳಾಗಿರುತ್ತಾರೆ.

ಸಂತೆಯ ಉದ್ದನೆಯ ಶೆಡ್ಡಿನಲ್ಲಿ ಅವರಿಗೆ ಎರಡು ಜಾಗ. ಒಂದು ಬಾಗಿಲ ಬಳಿ, ಬಿಸಿಲಿಗೆ. ಬಂದವರೆಲ್ಲ ಮೊದಲು ಎದುರಾಗುವುದು ಅಲ್ಲೇ. ಇನ್ನೊಂದು ಒಳಗೆ, ತಗಡಿನ ನೆರಳಿನಲ್ಲಿ. ಜಗಳ ಬೇಡವೆಂದು ಸಂತೆಯ ಆಫೀಸಿನವರು ಒಂದು ಶನಿವಾರ ಅವಳಿಗೆ, ಒಂದು ಶನಿವಾರ ಅವನಿಗೆ ಬಾಗಿಲು ಎಂದು ಇಡೀ ಬೇಸಿಗೆಗೆ ಕಾಗದ ಬರೆದು ಇಬ್ಬರ ರುಜು ಹಾಕಿಸಿಕೊಂಡಿದ್ದರು.

ಜೂನ್ ತಿಂಗಳ ಎರಡನೇ ಶನಿವಾರ ಬಾಗಿಲು ವರ್ನಾಳದು. ಅಂದು ಸ್ಟ್ರಾಬೆರಿ ಕಡುಬಿನ ಮಾರಾಟ, ಜನ ಜಾತ್ರೆಯ ಹಾಗೆ ಬಂದಿದ್ದರು. ಅವಳ ಸೊಂಟ ಬೆಳಿಗ್ಗೆಯಿಂದಲೇ ಹಿಡಿದುಕೊಂಡಿತ್ತು, ಬಿಸಿಲಿಗೆ ತಲೆ ಸುತ್ತುತ್ತಿತ್ತು.

"ಡೇಲ್, ಇವತ್ತೊಂದಿನ ನೀನು ಆಚೆ ಹೋಗ್ತೀಯಾ? ನಂಗೆ ಆಗ್ತಿಲ್ಲ."

"ದುಡಿಯೋ ವರ್ಗ ನೆರಳು ಕೇಳ್ತಿದೆ ನೋಡಿ," ಎಂದು ಗೊಣಗುತ್ತಲೇ ಡೇಲ್ ಎದ್ದ. ಅವಳ ಮೇಜನ್ನೂ ಕುರ್ಚಿಯನ್ನೂ ಎತ್ತಿ ಒಳಗಿಟ್ಟು, ತನ್ನದನ್ನು ಹೊತ್ತುಕೊಂಡು ಬಾಗಿಲ ಬಳಿ ಹೋಗಿ ಕೂತ. ಆ ದಿನ ಇಬ್ಬರ ಕಾಗದಕ್ಕೂ ಸಹಿ ಹಾಕಿದವರು ನಲವತ್ತನಾಲ್ಕು ಜನ. ಎಲ್ಲರೂ ಬಾಗಿಲಲ್ಲಿ ಡೇಲನಿಗೆ ಹಾಕಿ, ಆಮೇಲೆ ಒಳಗೆ ಬಂದು ವರ್ನಾಳಿಗೆ ಹಾಕಿದರು.

ಆ ವರ್ಷ ಐದು ಸಾವಿರ ಸಾಕೆಂದಾಗಿತ್ತು. ದುಡಿಮೆ ಪಕ್ಷ ನಿಲ್ಲಿಸಿದ್ದ ಅಭ್ಯರ್ಥಿ ಐರಿಸ್ ಮಂಗ್ರಮ್ ಎಂಬ ಬಸ್ ಡ್ರೈವರ್. ಟಿವಿಯವರು ಅವಳ ಹೆಸರನ್ನು ಒಮ್ಮೆಯೂ ಎತ್ತಿರಲಿಲ್ಲ. ರಾಜ್ಯವನ್ನೆಲ್ಲ ಸುತ್ತಿ ವರ್ನಾಳೂ ಅವಳ ಸಂಗಾತಿಗಳೂ ಏಳು ಸಾವಿರದ ನಾನೂರು ಸಹಿ ಕೂಡಿಸಿದರು. ಆಗಸ್ಟಿನಲ್ಲಿ ಪೆಟ್ಟಿಗೆ ತುಂಬ ಕಾಗದ ಒಯ್ದು ಕೊಟ್ಟು ಬಂದ ದಿನ ವರ್ನಾ ಸ್ಟ್ಯಾನನ ಗೋರಿಯ ಬಳಿ ಹೋಗಿ, "ಈ ಸಲ ಹೆಸರು ಅಚ್ಚಾಗತ್ತೆ ಕಣೋ, ನಗ್ಬೇಡ," ಎಂದು ಹೇಳಿ ಬಂದಳು. ಇದೂ ಆಗದಿದ್ದರೆ ರಾಜ್ಯದಲ್ಲಿ ಪಕ್ಷವನ್ನು ಮುಚ್ಚಿಬಿಡುವುದೆಂದು ಹಿರಿಯರು ಆಗಲೇ ನಿರ್ಧರಿಸಿದ್ದರು.

ವಾರ ಕಳೆಯುವುದರೊಳಗೆ ದೊಡ್ಡ ಪಕ್ಷವೊಂದರ ವಕೀಲರು ದುಡಿಮೆ ಪಕ್ಷದ ಸಹಿಗಳ ಮೇಲೆ ತಕರಾರು ಹಾಕಿದರು. ಇನ್ನೊಂದು ದೊಡ್ಡ ಪಕ್ಷದವರು ಸ್ವೇಚ್ಛಾ ಪಕ್ಷದ ಮೇಲೆ ಹಾಕಿದರು. ಯಾರ ಓಟನ್ನು ಯಾರು ಕೀಳುತ್ತಾರೋ ಅವರ ಕತ್ತು ಹಿಸುಕುವುದು, ಅಷ್ಟೇ. ಎರಡನ್ನೂ ಒಬ್ಬರೇ ನ್ಯಾಯಾಧೀಶರು ಕೂಡಿಸಿ ವಿಚಾರಣೆಗೆ ತೆಗೆದುಕೊಂಡರು. ಹತ್ತು ದಿನ ಗುಮಾಸ್ತರು ಸಾಲು ಸಾಲಾಗಿ ಗೀಟೆಳೆದರು. ಪೆಗ್ಗಿಗಳು ಹೋದರು, 'ಅದೇ' ಎಂದ ಹೆಂಡತಿಯರು ಹೋದರು, ಮನೆ ಬದಲಿಸಿದವರು ಹೋದರು.

ದುಡಿಮೆ ಪಕ್ಷದ ವಕೀಲೆ ನಡೀನ್, ಕೂಲಿಯಿಲ್ಲದೆ ವಾದಿಸಲು ಬಂದಿದ್ದ ಹುಡುಗಿ, ಒಂದು ಬೆಳಿಗ್ಗೆ ಫೋನು ಮಾಡಿದಳು.

"ಮೇಡಂ, ಕೂತ್ಕೊಂಡಿದೀರಾ? ನಮ್ದು ನಾಲ್ಕು ಸಾವಿರದ ಒಂಬೈನೂರ ಅರವತ್ತೊಂಬತ್ತಕ್ಕೆ ನಿಂತಿದೆ. ಮೂವತ್ತೊಂದು ಕಡಿಮೆ."

ವರ್ನಾ ಕುರ್ಚಿ ಎಳೆದು ಕೂತಳು. "ಹಾಗಾದ್ರೆ ಮುಗೀತಾ?"

"ಇಲ್ಲ, ಕೇಳಿ. ಬೇರೆ ಶನಿವಾರಗಳ ಜೋಡಿ ಸಹಿ ಆಗ್ಲೇ ತೀರ್ಮಾನ ಆಗಿವೆ. ಜೂನ್ ಎರಡನೇ ಶನಿವಾರದ ನಲವತ್ನಾಲ್ಕು ಸಹಿ ಎರಡೂ ಪಕ್ಷದ ಕಾಗದದಲ್ಲಿವೆ, ಒಂದೇ ತಾರೀಕು. ಅವನ್ನ ಪಕ್ಕಕ್ಕಿಟ್ಟಿದಾರೆ. ಜನ ಮೊದಲು ಯಾರ ಮೇಜಿಗೆ ಬಂದ್ರು ಅಂತ ಗೊತ್ತಾದ್ರೆ ಎಲ್ಲಾ ಅವರಿಗೇ. ನಮಗೆ ಬಂದ್ರೆ ಐದು ಸಾವಿರದ ಹದಿಮೂರು. ಸಂತೆ ಆಫೀಸಿನ ಕಾಗದ ತರ್ಸಿದೀನಿ, ಅವತ್ತು ಬಾಗಿಲ ಮೇಜು ನಿಮ್ದು ಅಂತಿದೆ. ನೀವು ಬಂದು ಹೌದು ಅಂದ್ರೆ ಆಯ್ತು."

"ಡೇಲಂದು?"

"ಅವರು ಅವನ್ನೂ ಸೇರ್ಸಿ ಐದು ಸಾವಿರದ ಇಪ್ಪತ್ತು. ಆ ನಲವತ್ನಾಲ್ಕು ಹೋದ್ರೆ ಅವರು ಬಿದ್ರು. ಒಬ್ರೇ ಉಳಿಯೋದು ಮೇಡಂ."

ಫೋನಿಟ್ಟ ಮೇಲೆ ವರ್ನಾ ಅಡುಗೆಮನೆಯ ಕುರ್ಚಿಯಿಂದ ಬಹಳ ಹೊತ್ತು ಏಳಲಿಲ್ಲ. ಮೇಜು ಬದಲಿಸಿಕೊಂಡದ್ದು ಆಫೀಸಿನ ಕಾಗದಕ್ಕೆ ಗೊತ್ತಿಲ್ಲ. ಗೊತ್ತಿರುವುದು ಅವಳಿಗೆ, ಡೇಲನಿಗೆ. ಕಡುಬು ಕೊಳ್ಳಲು ಬಂದವರಿಗೆ ಯಾವ ಮೇಜು ಎಲ್ಲಿತ್ತೆಂದು ನೆನಪಿರುವುದು ದೂರದ ಮಾತು. ಯಾಕಾದರೂ ನೆರಳು ಕೇಳಿದೆನೋ ಎಂದು ತನ್ನ ಸೊಂಟಕ್ಕೆ, ಬಿಸಿಲಿಗೆ, ವಯಸ್ಸಿಗೆ ಶಾಪ ಹಾಕಿದಳು. ಎರಡು ದಿನ ಊಟ ಸೇರಲಿಲ್ಲ. ಕಾರ್ಖಾನೆ ಹೋದಾಗ ಪಕ್ಷವಿತ್ತು, ಸ್ಟ್ಯಾನ್ ಹೋದಾಗ ಪಕ್ಷವಿತ್ತು. ಇದೂ ಹೋದರೆ ಬೆಳಿಗ್ಗೆ ಎದ್ದು ತಾನು ಏನು ಮಾಡಬೇಕು ಎಂದು ಯೋಚಿಸಿದರೆ ಅವಳಿಗೆ ಏನೂ ಹೊಳೆಯುತ್ತಿರಲಿಲ್ಲ. ಅದು ಭಯವಾಗಿತ್ತು, ಬರೀ ಭಯ.

ಮೂರನೇ ದಿನ ಡೇಲನ ಅಂಗಡಿಗೆ ಹೋದಳು. ಅವನು ಹಳೆಯ ಬೀಗವೊಂದನ್ನು ಬಿಚ್ಚಿ ಹರವಿಕೊಂಡು ಕೂತಿದ್ದ. ನಿಜ ಹೇಳಬೇಕೆಂದರೆ ಅವಳು ಹೋದದ್ದು ಬೇಡಿಕೊಳ್ಳುವುದಕ್ಕೆ. ಈ ಒಂದು ಸಲ ಬಿಟ್ಟುಕೊಡು, ನಿಮ್ಮ ಪಕ್ಷ ಇನ್ನೂ ಗಟ್ಟಿಯಾಗಿದೆ, ಮುಂದಿನ ಸಲ ಬರುತ್ತೀರಿ, ನಮಗೆ ಮುಂದಿನ ಸಲವೇ ಇಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದಳು.

"ಗುರುವಾರ ಕೋರ್ಟಿಗೆ ಬರ್ತೀಯಾ?" ಎಂದು ಮಾತ್ರ ಕೇಳಿದಳು.

"ನಾನ್ಯಾಕೆ ಬರ್ಲಿ?" ಡೇಲ್ ತಲೆಯೆತ್ತಲಿಲ್ಲ. "ಸರ್ಕಾರದ ಎದುರು ಕೈ ಎತ್ತಿ ಆಣೆ ಮಾಡೋ ಜಾತಿ ಅಲ್ಲ ನಾನು. ನಮ್ಮಜ್ಜ ಮಾಡ್ಲಿಲ್ಲ, ಅಪ್ಪ ಮಾಡ್ಲಿಲ್ಲ. ಆಣೆ ಮಾಡೋದೇ ಪಾಪ ಅನ್ನೋ ಅವರ ಚರ್ಚು ಬಿಟ್ಟೆ, ಇದೊಂದು ಬಿಟ್ಟಿಲ್ಲ."

"ನಿಮ್ಮ ವಕೀಲ ಬಿಡ್ತಾನಾ?"

"ಹಾರಾಡ್ದ. ಒಂದು ಚೀಟಿ ಬರ್ದು ಕೊಟ್ಟಿದೀನಿ, ಓದ್ಕೋ ಹೋಗು ಅಂತ. ಅವತ್ತು ಮೇಜು ಹೇಗಿತ್ತು ಅಂತ ವರ್ನಾ ಹೇಳ್ತಾಳೆ, ಅವಳು ಹೇಳಿದ್ದೇ ನನ್ನ ಮಾತು, ಅಷ್ಟೇ ಬರ್ದಿರೋದು."

"ಡೇಲ್..."

"ಏನು? ನೀನು ಊರ ಆಸ್ತಿ ಎಲ್ಲಾ ಕದಿಯೋಕೆ ಹೊರಟಿರೋಳೇ. ಆದ್ರೆ ಸುಳ್ಳು ಹೇಳಿದ್ದು ನಾನಂತೂ ನೋಡಿಲ್ಲ." ಹಾಗೆಂದು ನಕ್ಕು, "ಪ್ರೆಟ್ಜೆಲ್ ಇದೆ, ತಗೋ," ಎಂದು ಪೊಟ್ಟಣ ಚಾಚಿದ.

ಅವಳು ಒಂದನ್ನು ತೆಗೆದುಕೊಂಡಳು. ಬೇಡಲು ಬಂದದ್ದನ್ನು ಬೇಡದೆಯೇ ಹೊರಟಳು. ಅವನು ಜಗಳವಾಡಿದ್ದರೆ ಚೆನ್ನಾಗಿತ್ತು, ಅವಳಿಗೆ ಜಗಳ ಗೊತ್ತಿತ್ತು.

ಗುರುವಾರ ರಾಜ್ಯದ ರಾಜಧಾನಿಯ ನ್ಯಾಯಾಲಯದಲ್ಲಿ ಹನ್ನೊಂದು ಸದಸ್ಯರಲ್ಲಿ ಒಂಬತ್ತು ಮಂದಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಒಬ್ಬ ಮುದುಕ ಆಮ್ಲಜನಕದ ಸಿಲಿಂಡರನ್ನೇ ಎಳೆದುಕೊಂಡು ಬಂದಿದ್ದ. ವರ್ನಾ ಕೈ ಎತ್ತಿ ಪ್ರಮಾಣ ಮಾಡಿದಳು. ಸ್ವೇಚ್ಛಾ ಪಕ್ಷದ ವಕೀಲ ಮೊದಲಿಗೆ ಡೇಲನ ಚೀಟಿಯನ್ನು ಓದಿದ. ಓದುವಾಗ ಅವನ ಮುಖ ಹರಳೆಣ್ಣೆ ಕುಡಿದ ಹಾಗಿತ್ತು. ಚೀಟಿ ಡೇಲ್ ಅಂಗಡಿಯಲ್ಲಿ ಹೇಳಿದ್ದಂತೆಯೇ ಇತ್ತು, ಅದರಲ್ಲಿ ಒಂದು ಅಕ್ಷರವೂ ಹೆಚ್ಚಿರಲಿಲ್ಲ.

ನಡೀನ್ ಸಂತೆ ಆಫೀಸಿನ ಕಾಗದವನ್ನು ಅವಳ ಕೈಗೆ ಕೊಟ್ಟಳು. "ಇದು ನಿಮ್ಮ ರುಜುನಾ?"

"ಹೌದು."

"ಜೂನ್ ಎರಡನೇ ಶನಿವಾರ ಬಾಗಿಲ ಬಳಿಯ ಮೇಜು ಯಾರದು ಅಂತ ಬರೆದಿದೆ?"

"ನಂದು."

ಇಲ್ಲಿಯವರೆಗೂ ಎಲ್ಲವೂ ನಿಜವೇ. ನ್ಯಾಯಾಧೀಶರು ಕನ್ನಡಕ ತೆಗೆದು ಅವಳ ಕಡೆ ತಿರುಗಿದರು. ಒಳ್ಳೆಯ ಮನುಷ್ಯನಂತೆ ಕಂಡರು, ಅದೂ ಕಷ್ಟವಾಯಿತು. "ನಾನು ಕಾಗದ ಕೇಳ್ತಿಲ್ಲಮ್ಮ. ಆ ದಿನ ನಿಜವಾಗಿ ಬಾಗಿಲ ಬಳಿ ಕೂತಿದ್ದೋರು ಯಾರು? ನೀವೇನಾ?"

ವರ್ನಾ ಹಿಂದಿನ ಬೆಂಚನ್ನು ನೋಡಿದಳು. ಸಿಲಿಂಡರಿನ ಮುದುಕ ಮುಂದಕ್ಕೆ ಬಾಗಿ ಕೂತಿದ್ದ. ಇಪ್ಪತ್ತೆಂಟು ವರ್ಷದಲ್ಲಿ ಅವಳಿಂದ ಯಾರಿಗೂ ಒಂದು ಗೆಲುವೂ ಸಿಕ್ಕಿರಲಿಲ್ಲ.

"ಹೌದು," ಎಂದಳು. "ನಾನೇ."

ನಲವತ್ತನಾಲ್ಕು ಸಹಿಗಳೂ ದುಡಿಮೆ ಪಕ್ಷಕ್ಕೆ ಬಂದವು. ಸ್ವೇಚ್ಛಾ ಪಕ್ಷ ನಾಲ್ಕು ಸಾವಿರದ ಒಂಬೈನೂರ ಎಪ್ಪತ್ತಾರಕ್ಕೆ ಕುಸಿದು ಮತಪತ್ರದಿಂದ ಹೊರಬಿತ್ತು. ಹೊರಗಿನ ಮೆಟ್ಟಿಲ ಮೇಲೆ ನಡೀನ್ ಅವಳನ್ನು ತಬ್ಬಿಕೊಂಡಳು, ಮುದುಕ ಸಿಲಿಂಡರು ಹಿಡಿದುಕೊಂಡೇ ಅತ್ತ. ಐರಿಸ್ ಎಲ್ಲೋ ದೂರದ ಊರಿನಿಂದ ಫೋನು ಮಾಡಿ, "ನಿಮ್ಮಂಥೋರು ಇರೋದ್ರಿಂದ ಈ ಪಕ್ಷ ಉಳಿದಿದೆ ಅಕ್ಕ," ಎಂದಳು. ವರ್ನಾ ಫೋನನ್ನು ನಡೀನಳ ಕೈಗಿಟ್ಟು ಒಬ್ಬಳೇ ಮೆಟ್ಟಿಲಿಳಿದು ಹೋದಳು.

ಡೇಲ್ ಬಂದು ಬೈಯುತ್ತಾನೆಂದು ವಾರವೆಲ್ಲ ಕಾದಳು. ಬರಲಿಲ್ಲ. ಶನಿವಾರ ಸಂತೆಯಲ್ಲಿ ಅವನ ಜಾಗಕ್ಕೆ ಜೇನುತುಪ್ಪ ಮಾರುವವರು ಬಂದು ಕೂತಿದ್ದರು. ಕಡೆಗೆ ತಡೆಯಲಾರದೆ, ಬೇಕಿಲ್ಲದಿದ್ದರೂ ಒಂದು ಕೀಲಿಯ ನಕಲು ಮಾಡಿಸುವ ನೆಪದಲ್ಲಿ ಅಂಗಡಿಗೆ ಹೋದಳು.

"ಏನು ಬೇಕಿತ್ತು ಮೇಡಂ?" ಎಂದ ಡೇಲ್.

ಕೀಲಿ ಕೊಟ್ಟಳು. ಅವನು ಅಚ್ಚುಕಟ್ಟಾಗಿ ನಕಲು ಮಾಡಿ, ಅಂಚು ಉಜ್ಜಿ, ಪುಟ್ಟ ಲಕೋಟೆಯಲ್ಲಿ ಹಾಕಿಕೊಟ್ಟ. ಅಂಗಡಿಗೆ ಬಂದ ಅಪರಿಚಿತರಿಗೆ ಹೇಳುವ ಹಾಗೆಯೇ, ಬಾಗಿಲು ಹಿಡಿದುಕೊಂಡರೆ ಸ್ವಲ್ಪ ಎಣ್ಣೆ ಬಿಡಿ ಎಂದೂ ಹೇಳಿದ. ಕೀಲಿ ಹಿಡಿದು ಹೊರಗೆ ಬಂದ ವರ್ನಾ ಕಾರಿನಲ್ಲಿ ಕೂತು ಸ್ಟೀರಿಂಗಿಗೆ ಹಣೆ ಹಚ್ಚಿದಳು. ನ್ಯಾಯಾಧೀಶರಿಗೆ ಕಾಗದ ಬರೆದು ಎಲ್ಲ ಹೇಳಿಬಿಡುತ್ತೇನೆ ಎಂದು ಆ ವಾರ ನಾಲ್ಕು ಸಲ ಕೂತಳು. ಪ್ರತಿ ಸಲವೂ ಆ ಮುದುಕನ ಮುಖ ಅಡ್ಡ ಬಂತು. ಅಷ್ಟರಲ್ಲಿ ಮತಪತ್ರಗಳು ಅಚ್ಚಾಗಿ ಊರೂರಿಗೆ ಹೋದವು.

ನವೆಂಬರಿನ ಮತದಾನದ ದಿನ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಅವಳು ಮತಪತ್ರ ಹಿಡಿದು ನಿಂತಳು. ಎರಡು ದೊಡ್ಡ ಹೆಸರುಗಳ ಕೆಳಗೆ ಐರಿಸ್ ಮಂಗ್ರಮ್, ದುಡಿಮೆ ಪಕ್ಷ. ಅಷ್ಟೇ, ಅಲ್ಲಿಗೆ ಸಾಲು ಮುಗಿದಿತ್ತು. ಈ ಅಚ್ಚಿನ ಅಕ್ಷರಗಳನ್ನು ನೋಡಲು ಇಪ್ಪತ್ತೆಂಟು ವರ್ಷ ಕಾದವಳು ಅದರ ಕೆಳಗಿನ ಖಾಲಿ ಜಾಗವನ್ನೇ ನೋಡುತ್ತಿದ್ದಳು. ಹಿಂದೆ ಸರದಿಯಲ್ಲಿದ್ದವರು ಕೆಮ್ಮಿದ ಮೇಲೆ ಗುರುತು ಹಾಕಿ ಪೆಟ್ಟಿಗೆಗೆ ಬಿಟ್ಟಳು.

ಮರುದಿನ ಬೆಳಿಗ್ಗೆ ಸಭಾಂಗಣದ ಬಾಗಿಲಿಗೆ ನಮ್ಮ ವಾರ್ಡಿನ ಎಣಿಕೆಯ ಪಟ್ಟಿ ಅಂಟಿಸಿದ್ದರು. ರಾಜ್ಯದಲ್ಲೆಲ್ಲ ಸೇರಿ ದುಡಿಮೆ ಪಕ್ಷಕ್ಕೆ ಸಹಿ ಹಾಕಿದವರಷ್ಟೂ ಓಟು ಬಿದ್ದಿಲ್ಲವೆಂದು ರೇಡಿಯೋ ಆಗಲೇ ಹೇಳಿತ್ತು. ವರ್ನಾ ಹೋಗಿ ಬೆರಳಿಟ್ಟು ಸಾಲು ಹುಡುಕಿದಳು. ಒಂದು ದೊಡ್ಡ ಪಕ್ಷಕ್ಕೆ ಆರುನೂರ ಹದಿನೆಂಟು. ಇನ್ನೊಂದಕ್ಕೆ ನಾನೂರ ಎಂಬತ್ತು. ದುಡಿಮೆ ಪಕ್ಷಕ್ಕೆ ಎರಡು.

ಆ ನಲವತ್ತನಾಲ್ಕು ಜನರಲ್ಲಿ ಇಪ್ಪತ್ತೊಂಬತ್ತು ಮಂದಿ ಇದೇ ವಾರ್ಡಿನವರು. ದಿನಾ ನಗುತ್ತ ಮಾತಾಡಿಸುವವರು. ಅವರ ಸಹಿಗಾಗಿ ಅವಳು ದೇವರ ಹೆಸರಿನಲ್ಲಿ ಕೈ ಎತ್ತಿ ಸುಳ್ಳು ಹೇಳಿದ್ದಳು.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಡೇಲ್ ಬಂದು, ಒಂದು ಮಾರು ದೂರದಲ್ಲಿ ನಿಂತು, ಕಣ್ಣು ಕಿರಿದು ಮಾಡಿ ಪಟ್ಟಿ ಓದಿದ.

"ಎರಡಾ?" ಎಂದ.

"ಎರಡು."

"ಒಂದು ನಂದು."

ವರ್ನಾಳಿಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. "ಯಾಕೆ ಡೇಲ್? ಕೆಳಗಿನ ಖಾಲಿ ಜಾಗದಲ್ಲಿ ನಿಮ್ಮೋನ ಹೆಸರು ಕೈಲಿ ಬರ್ದು ಓಟು ಹಾಕ್ಬಹುದಿತ್ತಲ್ಲ."

"ಕೈಲಿ ಬರ್ದಿದ್ದನ್ನೆಲ್ಲ ಚಿಲ್ಲರೆ ಅಂತ ಒಂದೇ ಕಡೆ ಗುಡ್ಡೆ ಹಾಕ್ತಾರೆ. ಹೆಸರು ಕೂಡ ಓದಲ್ಲ." ಅವನು ಜೇಬಿನಲ್ಲಿ ಕೈ ಇಳಿಸಿದ. "ಆ ಎರಡು ಪಕ್ಷಕ್ಕೆ ಸತ್ರೂ ಹಾಕಲ್ಲ ಅಂತ ನಿನ್ನೆದುರಿಗೇ ಎಷ್ಟು ಸಲ ಹೇಳಿದೀನಿ. ನಂದು ಕಾಗದದ ಮೇಲೆ ಇರ್ಲಿಲ್ಲ. ಉಳಿದಿದ್ದು ನಿಂದೊಂದೇ."

ವರ್ನಾ ಪಟ್ಟಿಯ ಮೇಲಿನ ಬೆರಳು ತೆಗೆದಳು. ಆಮೇಲೆ ಬಾಗಿಲಿಗೆ ಹೇಳುವ ಹಾಗೆ ಹೇಳಿದಳು, "ಅವತ್ತು ಬಾಗಿಲ ಹತ್ರ ಇದ್ದಿದ್ದು ನಿನ್ನ ಮೇಜು."

"ಗೊತ್ತು ವರ್ನಾ," ಎಂದ ಡೇಲ್. "ಹೊತ್ಕೊಂಡು ಹೋಗಿ ಇಟ್ಟಿದ್ದು ನಾನೇ."

ಅಷ್ಟು ಹೇಳಿ ಅವನು ತನ್ನ ವ್ಯಾನಿನ ಕಡೆ ನಡೆದ.